ಶಾಲೆಗಳನ್ನು ಸೇರಿಸುವ ಮೊದಲು ಮಗುವಿನ ದಾರಿಯ ಲೆಕ್ಕ ಹಾಕಿ: ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು ಹಾಗೂ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಹಳ್ಳಿಗಳ ಸಣ್ಣ ಸರ್ಕಾರಿ ಶಾಲೆಗಳನ್ನು ದೊಡ್ಡ ಶಾಲೆಗಳೊಂದಿಗೆ ಸೇರಿಸುವ ಕುರಿತು, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಲಿಂಕನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ) ಅನುಭವವನ್ನು ಮುಂದಿಟ್ಟು ಮಾಡಿಕೊಳ್ಳುವ ಮನವಿ.

ಸನ್ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಹಳ್ಳಿಯೊಂದರವನು. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತು, ಹಳ್ಳ ದಾಟಿ ಹಿರಿಯ ಪ್ರಾಥಮಿಕ ಶಾಲೆಗೆ, ಅಲ್ಲಿಂದ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಹೋಗಿ ಓದಿದವನು. ಉದ್ಯೋಗದ ನಿಮಿತ್ತ ವೆಸ್ಟ್ ವರ್ಜೀನಿಯಾದ ದಕ್ಷಿಣ ಭಾಗದಲ್ಲಿ ಕುಟುಂಬ ಸಮೇತ ಹಲವು ವರ್ಷ ನೆಲೆಸಿದ್ದೆ. ನನ್ನ ಮಗಳು ಓದಿದ್ದು ಅಲ್ಲಿನ ಗ್ರಾಮೀಣ ಕೌಂಟಿಯೊಂದರ ಸರ್ಕಾರಿ ಹೈಸ್ಕೂಲಿನಲ್ಲಿ. ಸಣ್ಣ ಊರುಗಳಲ್ಲಿದ್ದ ಹೈಸ್ಕೂಲುಗಳನ್ನು ಮುಚ್ಚಿ, ಇಡೀ ಕೌಂಟಿಗೆ ಇದೊಂದೇ ಎಂದು ಕಟ್ಟಿದ ಶಾಲೆ ಅದು. ಈಗ ನಮ್ಮ ರಾಜ್ಯದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಮತ್ತು ಮ್ಯಾಗ್ನೆಟ್ ಶಾಲೆಗಳ (ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸಿಕೊಳ್ಳುವ ದೊಡ್ಡ ಶಾಲೆಗಳ) ಮಾತು ನಡೆಯುತ್ತಿರುವಾಗ, ಊರಿನ ಪೋಷಕರು ನನ್ನನ್ನು ಕೇಳುತ್ತಿದ್ದಾರೆ: ಅಲ್ಲಿ ಇಂಥದ್ದನ್ನು ಕಣ್ಣಾರೆ ಕಂಡವನು ನೀನು, ಇದರಿಂದ ನಮ್ಮ ಮಕ್ಕಳಿಗೆ ಒಳ್ಳೆಯದಾಗುತ್ತದೆಯೋ ಇಲ್ಲವೋ ಹೇಳು. ಅವರಿಗೆ ಹೇಳಬೇಕಾದುದನ್ನೇ ತಮ್ಮ ಮುಂದೆಯೂ ಇಡುವುದು ನ್ಯಾಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಅಲ್ಲಿನ ವ್ಯವಸ್ಥೆಯ ಬಗ್ಗೆ ಎರಡು ಮಾತು. ವೆಸ್ಟ್ ವರ್ಜೀನಿಯಾದಲ್ಲಿ 55 ಕೌಂಟಿಗಳಿವೆ. 1933ರ ಕಾನೂನಿನಿಂದಾಗಿ ಪ್ರತಿ ಕೌಂಟಿಯೂ ಒಂದೊಂದು ಶಾಲಾ ಜಿಲ್ಲೆ. ಜನರೇ ಆರಿಸಿದ ಐವರು ಸದಸ್ಯರ ಶಿಕ್ಷಣ ಮಂಡಳಿ ಅಲ್ಲಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುತ್ತದೆ. ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ, ನಮ್ಮ ಲೆಕ್ಕದಲ್ಲಿ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪಿಯುಸಿ. ಲಿಂಕನ್ ಕೌಂಟಿ ಈ ರಾಜ್ಯದ ನೈಋತ್ಯ ಭಾಗದಲ್ಲಿದೆ. ವಿಸ್ತೀರ್ಣ ಸುಮಾರು 1,100 ಚದರ ಕಿಲೋಮೀಟರ್, ಅಂದರೆ ನಮ್ಮ ದೊಡ್ಡ ತಾಲ್ಲೂಕೊಂದರಷ್ಟು. ಜನಸಂಖ್ಯೆ ಮಾತ್ರ ಸುಮಾರು 20 ಸಾವಿರ. ಗಯಾಂಡಾಟ್ ನದಿಯ ಇಕ್ಕೆಲಗಳಲ್ಲಿ ಗುಡ್ಡಗಳು, ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗಳಲ್ಲಿ ತೊರೆಯ ಗುಂಟ ಹತ್ತಾರು ಮನೆಗಳು. ಮಲೆನಾಡಿನವನಿಗೆ ಆ ನೆಲ ಪರಕೀಯವೆನಿಸುವುದಿಲ್ಲ. ನಕ್ಷೆಯಲ್ಲಿ ಎರಡು ಊರುಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ, ನಡುವೆ ಗುಡ್ಡವಿದ್ದರೆ ರಸ್ತೆ ಅದನ್ನು ಬಳಸಿಕೊಂಡು ಹೋಗಬೇಕು.

ಅಮೆರಿಕದ ಶಿಕ್ಷಣದ ಇತಿಹಾಸದಲ್ಲಿ ಈ ಕೌಂಟಿಗೆ ವಿಶೇಷ ಸ್ಥಾನವಿದೆ. 1975ರಲ್ಲಿ ಇಲ್ಲಿನ ಪೋಷಕರು, ಬಡ ಕೌಂಟಿಯಲ್ಲಿ ಹುಟ್ಟಿದ ಕಾರಣಕ್ಕೆ ನಮ್ಮ ಮಕ್ಕಳಿಗೆ ಕೀಳು ದರ್ಜೆಯ ಶಾಲೆ ಸಿಗುತ್ತಿದೆ ಎಂದು ರಾಜ್ಯದ ಮೇಲೆ ಮೊಕದ್ದಮೆ ಹೂಡಿದರು. ಪೌಲಿ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ, ಶಿಕ್ಷಣ ಮೂಲಭೂತ ಹಕ್ಕು, ಸಮಗ್ರವೂ ದಕ್ಷವೂ ಆದ ಉಚಿತ ಶಾಲಾ ವ್ಯವಸ್ಥೆಯನ್ನು ಕೊಡುವುದು ರಾಜ್ಯದ ಸಾಂವಿಧಾನಿಕ ಹೊಣೆ ಎಂದು ಹೇಳಿತು. 1982ರಲ್ಲಿ ನ್ಯಾಯಾಧೀಶ ಆರ್ಥರ್ ರೆಕ್ಟ್ ಅವರು ಶಾಲೆಗಳಿಗೆ ಹಣ ಹಂಚುವ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಆ ಪೋಷಕರು ಕೇಳಿದ್ದು ತಮ್ಮೂರಿನ ಶಾಲೆಗಳಿಗೆ ಒಳ್ಳೆಯ ಕಟ್ಟಡ, ಒಳ್ಳೆಯ ಶಿಕ್ಷಕರು, ಪುಸ್ತಕ, ಪ್ರಯೋಗಾಲಯ. ಅವರು ಗೆದ್ದರು. ಗೆದ್ದ ಕಾಲು ಶತಮಾನದೊಳಗೆ ಆ ಊರುಗಳ ಹೈಸ್ಕೂಲುಗಳೇ ಇಲ್ಲವಾದವು. ಇದು ಹೇಗಾಯಿತು ಎಂಬುದರಲ್ಲಿ ನಮಗೆ ಪಾಠವಿದೆ. ಏಕೆಂದರೆ ಅದನ್ನು ಮಾಡಿದವರು ಶಿಕ್ಷಣದ ದ್ವೇಷಿಗಳಲ್ಲ, ಮಕ್ಕಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ್ದ ಅಧಿಕಾರಿಗಳು.

1989ರಲ್ಲಿ, ಗ್ಯಾಸ್ಟನ್ ಕ್ಯಾಪರ್ಟನ್ ಅವರು ರಾಜ್ಯಪಾಲರಾಗಿದ್ದಾಗ (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾದ, ನಮ್ಮ ಮುಖ್ಯಮಂತ್ರಿಗಳಂಥ ಆಡಳಿತ ಮುಖ್ಯಸ್ಥರು), ಶಾಲಾ ಕಟ್ಟಡ ಪ್ರಾಧಿಕಾರವೊಂದನ್ನು ಸ್ಥಾಪಿಸಲಾಯಿತು. ಹೊಸ ಶಾಲೆ ಕಟ್ಟಲು ಕೌಂಟಿಗಳ ಬಳಿ ಹಣವಿರಲಿಲ್ಲ, ಹಣವಿದ್ದದ್ದು ಈ ಪ್ರಾಧಿಕಾರದ ಬಳಿ. ಇಂತಿಷ್ಟು ಮಕ್ಕಳಿರುವ ದೊಡ್ಡ ಶಾಲೆಗಳಿಗೆ ಅದು ಆದ್ಯತೆ ಕೊಡುತ್ತಿತ್ತು. ಸೋರುವ ಸೂರಿನ ಕೆಳಗೆ ಸಣ್ಣ ಶಾಲೆ ನಡೆಸುವುದೋ, ಅವುಗಳನ್ನು ಮುಚ್ಚಲು ಒಪ್ಪಿ ಹೊಸ ಕಟ್ಟಡ ಪಡೆಯುವುದೋ ಎಂಬ ಎರಡೇ ದಾರಿ ಕೌಂಟಿಗಳಿಗೆ ಉಳಿಯಿತು. ಒಪ್ಪಿಗೆಯೆಂದು ಕಾಗದದಲ್ಲಿ ದಾಖಲಾದದ್ದರ ಹಿಂದೆ ಈ ನಿರುಪಾಯವಿತ್ತು. 1990ರಿಂದ ಹನ್ನೆರಡು ವರ್ಷಗಳಲ್ಲಿ ರಾಜ್ಯ 300ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿತು, ನಿರ್ಮಾಣಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು.

ಲಿಂಕನ್ ಕೌಂಟಿಯಲ್ಲಿ ಹ್ಯಾಮ್ಲಿನ್, ಡುವಾಲ್, ಗಯಾನ್ ವ್ಯಾಲಿ, ಹಾರ್ಟ್ಸ್ ಎಂಬ ನಾಲ್ಕು ಹೈಸ್ಕೂಲುಗಳಿದ್ದವು. ಶಬ್ದದ ವೇಗವನ್ನು ಮೊದಲು ಮೀರಿ ವಿಮಾನ ಹಾರಿಸಿದ ಚಕ್ ಯೇಗರ್ 1941ರಲ್ಲಿ ಓದು ಮುಗಿಸಿದ್ದು ಆ ಹ್ಯಾಮ್ಲಿನ್ ಶಾಲೆಯಲ್ಲೇ. 2000ನೇ ಇಸವಿಯಲ್ಲಿ ರಾಜ್ಯ ಸರ್ಕಾರವು ಕೌಂಟಿಯ ಶಾಲೆಗಳ ಆಡಳಿತವನ್ನು ಚುನಾಯಿತ ಮಂಡಳಿಯಿಂದ ತನ್ನ ಕೈಗೆ ತೆಗೆದುಕೊಂಡಿತು. ನಾಲ್ಕನ್ನೂ ಸೇರಿಸಿ ಒಂದೇ ಹೈಸ್ಕೂಲ್ ಕಟ್ಟುವ ತೀರ್ಮಾನ ರಾಜ್ಯದ ಈ ಹಿಡಿತದ ಕಾಲದಲ್ಲಿಯೇ ಆಯಿತು. ದಕ್ಷಿಣದ ತುದಿಯಲ್ಲಿರುವ ಹಾರ್ಟ್ಸ್ ಕಡೆಯ ಪೋಷಕರು ಬಲವಾಗಿ ವಿರೋಧಿಸಿದರು. ಮಕ್ಕಳು ಬಸ್ಸಿನಲ್ಲಿ ಕಳೆಯಬೇಕಾದ ಹೊತ್ತೇ ಅವರ ಮುಖ್ಯ ಆಕ್ಷೇಪವಾಗಿತ್ತು. 2006ರಲ್ಲಿ ಲಿಂಕನ್ ಕೌಂಟಿ ಹೈಸ್ಕೂಲ್ ಬಾಗಿಲು ತೆರೆಯಿತು. ತಾವು ಆರಿಸಿದ ಮಂಡಳಿಯ ಕೈಯಲ್ಲಿ ಅಧಿಕಾರವೇ ಇಲ್ಲದಿದ್ದಾಗ ಊರಿನವರು ತಮ್ಮ ಅಹವಾಲನ್ನು ಯಾರ ಮುಂದೆ ಇಡಬೇಕಿತ್ತು ಎಂಬ ಪ್ರಶ್ನೆಗೆ ನನಗೆ ಇಂದಿಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಇನ್ನು ನಾನು ಕಂಡದ್ದು. ಇದು ಲಿಂಕನ್ ಕೌಂಟಿಯದಲ್ಲ, ನಾವಿದ್ದ ಕೌಂಟಿಯದು. ಅದರ ಹೆಸರು ಇಲ್ಲಿ ಬೇಡ. ನಮ್ಮ ಮನೆಯಿಂದ ಸ್ವಲ್ಪ ಮೇಲೆ, ಕಣಿವೆಯ ಒಳಗಿನ ಮನೆಯೊಂದರ ಹುಡುಗ ನನ್ನ ಮಗಳ ಸಹಪಾಠಿ. ದೊಡ್ಡ ಹಳದಿ ಬಸ್ಸು ಕಣಿವೆಯೊಳಗಿನ ಕಿರುದಾರಿಗೆ ಬರುತ್ತಿರಲಿಲ್ಲ, ತಿರುಗಿಸಲು ಅಲ್ಲಿ ಜಾಗವಿಲ್ಲ. ಆರು ಗಂಟೆಗೆ ಮೊದಲೇ ಅವನ ತಾಯಿ ಅವನನ್ನು ಪಿಕಪ್ ಗಾಡಿಯಲ್ಲಿ ಮುಖ್ಯರಸ್ತೆಗೆ ಕರೆತಂದು, ಚಳಿಗಾಲದ ಕತ್ತಲೆಯಲ್ಲಿ ಎಂಜಿನ್ ಆರಿಸದೆ ಬಸ್ಸಿಗಾಗಿ ಕಾಯುತ್ತಿದ್ದರು. ಹುಡುಗ ಕಾಗದದಲ್ಲಿ ಸುತ್ತಿದ ಮೊಟ್ಟೆಯ ಬಿಸ್ಕೆಟ್ ಬನ್ನನ್ನು ಅರ್ಧ ತಿಂದು, ಇನ್ನರ್ಧವನ್ನು ಕೋಟಿನ ಜೇಬಿಗೆ ಸೇರಿಸಿ ಬಸ್ ಹತ್ತುತ್ತಿದ್ದ. ಮೊದಲು ಹತ್ತಿದವರು ಎಲ್ಲ ಕಣಿವೆಗಳ ಬಾಯಿಯಲ್ಲೂ ನಿಂತು ನಿಂತು ಹೋಗಬೇಕಾದ್ದರಿಂದ ಶಾಲೆ ಮುಟ್ಟುವ ಹೊತ್ತಿಗೆ ನಿದ್ದೆ ಮಾಡಿ ಎದ್ದಿರುತ್ತಿದ್ದರು, ಇಲ್ಲವೇ ನಿದ್ದೆಗೆಟ್ಟು ಬಸವಳಿದಿರುತ್ತಿದ್ದರು. ಹೈಸ್ಕೂಲಿನ ಮಕ್ಕಳ ಒಂದು ಕಡೆಯ ಪ್ರಯಾಣ ಒಂದು ಗಂಟೆ ಮೀರಬಾರದು, ಪ್ರಾಥಮಿಕ ಮಕ್ಕಳದು ಅರ್ಧ ಗಂಟೆ ಮೀರಬಾರದು ಎಂದು ರಾಜ್ಯದ ಮಾರ್ಗಸೂಚಿಯೇ ಹೇಳುತ್ತಿತ್ತು. ಆದರೆ ಮಾರ್ಗಸೂಚಿ ಮೀರಿದರೆ ಶಾಲೆಗೆ ಬಾಧಕವೇನೂ ಇರಲಿಲ್ಲ. ಆದ್ದರಿಂದ ಅದು ಮೀರುತ್ತಲೇ ಇತ್ತು.

ಆ ಹುಡುಗ ಚೆನ್ನಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಅಭ್ಯಾಸ ನಡೆಯುತ್ತಿದ್ದುದು ತರಗತಿ ಮುಗಿದ ಮೇಲೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು, ತಡವಾಗಿ ಹೊರಡುವ ಇನ್ನೊಂದು ಬಸ್ಸಿಗೆ ಹಣ ಮಂಜೂರಾಗಿರಲಿಲ್ಲ. ತಾಯಿಗೆ ಹಂಟಿಂಗ್ಟನ್ ನಗರದಲ್ಲಿ ಪಾಳಿಯ ಕೆಲಸ. ಮೊದಲ ವರ್ಷ ಯಾರು ಯಾರದೋ ಗಾಡಿಯಲ್ಲಿ ಹೇಗೋ ಹಿಂತಿರುಗುತ್ತಿದ್ದ, ಎರಡನೇ ವರ್ಷ ತಂಡ ಬಿಟ್ಟ. ಹಳೆಯ ಶಾಲೆ ಇದ್ದಿದ್ದರೆ ಅವನು ನಡೆದುಕೊಂಡು ಮನೆಗೆ ಹೋಗಬಹುದಿತ್ತು. ಶಾಲೆ ಎಂದರೆ ಪಾಠವೊಂದೇ ಅಲ್ಲವೆಂದು ಎಲ್ಲರೂ ಹೇಳುತ್ತಾರೆ. ದೂರದ ಮಗುವಿಗೆ ಮಾತ್ರ ಅದು ಪಾಠವೊಂದೇ ಆಗಿ ಉಳಿಯುತ್ತದೆ: ಆಟ, ಬ್ಯಾಂಡು, ನಾಟಕ, ಅರ್ಥವಾಗದ ಲೆಕ್ಕವನ್ನು ಮೇಷ್ಟ್ರ ಬಳಿ ನಿಂತು ಕೇಳುವ ಹದಿನೈದು ನಿಮಿಷ, ಎಲ್ಲವೂ ಶಾಲೆಯ ಹತ್ತಿರ ಮನೆಯಿದ್ದವರ ಪಾಲಾಗುತ್ತವೆ. ನನ್ನ ಮಗಳಿಗೆ ಆ ಶಾಲೆಯಿಂದ ಅನುಕೂಲವಾಯಿತು ಎಂಬುದನ್ನು ನಾನು ಮರೆಮಾಚುವುದಿಲ್ಲ. ಅವಳಿಗೆ ಉನ್ನತ ಗಣಿತ ಸಿಕ್ಕಿತು, ಸುಸಜ್ಜಿತ ರಸಾಯನಶಾಸ್ತ್ರ ಪ್ರಯೋಗಾಲಯ ಸಿಕ್ಕಿತು, ಹಳೆಯ ಸಣ್ಣ ಶಾಲೆಯಲ್ಲಿ ಅವೆರಡೂ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಎರಡು ಕಾರುಗಳಿದ್ದವು. ಒಂದೇ ಶಾಲೆ, ಒಂದೇ ತರಗತಿ. ಎರಡು ಕಾರಿರುವ ಮನೆಯ ಮಗುವಿಗೆ ದಕ್ಕಿದ್ದು ಒಂದು, ಕಣಿವೆಯ ಒಳಗಿನ ಮಗುವಿಗೆ ದಕ್ಕಿದ್ದು ಇನ್ನೊಂದು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಕೌಂಟಿಯ ಯಾವುದೋ ಒಂದು ಮೂಲೆಯ ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದರೆ ಅಥವಾ ತೊರೆ ಉಕ್ಕಿದರೆ ಬಸ್ಸು ಓಡುವಂತಿಲ್ಲ. ಬಸ್ಸು ಓಡದಿದ್ದರೆ ಶಾಲೆ ಎರಡು ಗಂಟೆ ತಡ, ಇಲ್ಲವೇ ಆ ದಿನ ಶಾಲೆಯೇ ಇಲ್ಲ. ಊರಿಗೊಂದು ಶಾಲೆ ಇದ್ದಾಗ ಒಂದು ಊರಿನ ದಾರಿ ಕೆಟ್ಟರೆ ಆ ಊರಿಗಷ್ಟೇ ರಜೆ. ಒಂದೇ ಶಾಲೆಯಾದ ಮೇಲೆ ಎಲ್ಲರಿಗೂ. ಆಗುಂಬೆ, ಹುಲಿಕಲ್ಲಿನ ಮಳೆಯನ್ನು ಬಲ್ಲವರಿಗೆ, ಜುಲೈ ತಿಂಗಳಲ್ಲಿ ತಾಲ್ಲೂಕಿಗೆಲ್ಲ ರಜೆ ಘೋಷಣೆಯಾಗುವುದನ್ನು ಪ್ರತಿ ವರ್ಷ ಕಾಣುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿತಾಯದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ವಿಲೀನದ ಪರವಾದ ಮೊದಲ ವಾದವೇ ಅದು. ಆ ರಾಜ್ಯದ ರಾಜಧಾನಿಯಿಂದ ಹೊರಡುತ್ತಿದ್ದ ಚಾರ್ಲ್ಸ್‌ಟನ್ ಗೆಜೆಟ್ ಪತ್ರಿಕೆಯ ಎರಿಕ್ ಐರ್ ಮತ್ತು ಸ್ಕಾಟ್ ಫಿನ್ ಎಂಬ ವರದಿಗಾರರು 2002ರಲ್ಲಿ ಹತ್ತು ವರ್ಷಗಳ ವಿಲೀನದ ಜಮಾಖರ್ಚನ್ನು ಬಿಡಿಸಿ ನೋಡಿದರು. ಹೇಳಿದ್ದ ಉಳಿತಾಯ ಆಗಿರಲಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತಿದ್ದರೂ ಆಡಳಿತ ಹುದ್ದೆಗಳು ಇಳಿದಿರಲಿಲ್ಲ. ಶಿಕ್ಷಣಕ್ಕೆಂದು ಇಟ್ಟ ಹಣದಲ್ಲಿ ದೊಡ್ಡ ಪಾಲು ಬಸ್ಸು, ಡೀಸೆಲ್ ಮತ್ತು ಚಾಲಕರ ಸಂಬಳಕ್ಕೆ ಹೋಗುತ್ತಿತ್ತು. ದೊಡ್ಡ ಶಾಲೆಯಲ್ಲಿ ಸಿಗುತ್ತವೆಂದು ಭರವಸೆ ಕೊಟ್ಟಿದ್ದ ಉನ್ನತ ಪಠ್ಯವಿಷಯಗಳು ಎಷ್ಟೋ ಕಡೆ ಬಂದೇ ಇರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಶಾಲೆ ಮುಚ್ಚಿದಾಗ ಉಳಿಯುವ ಹಣ ಇಲಾಖೆಯ ಪುಸ್ತಕದಲ್ಲಿ ಕಾಣುತ್ತದೆ. ಮಗು ದಿನವೂ ಕಳೆದುಕೊಳ್ಳುವ ಎರಡು ಗಂಟೆ, ತಾಯಿ ಕೆಲಸದಲ್ಲಿ ಬಿಡಬೇಕಾದ ಪಾಳಿ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಕ್ರೇಗ್ ಹೌಲಿ ಮತ್ತು ರಾಬರ್ಟ್ ಬಿಕೆಲ್ ಎಂಬ ಸಂಶೋಧಕರು ವೆಸ್ಟ್ ವರ್ಜೀನಿಯಾದ ಜೊತೆಗೆ ಒಹಾಯೊ, ಜಾರ್ಜಿಯಾ, ಟೆಕ್ಸಾಸ್, ಮೊಂಟಾನಾ ರಾಜ್ಯಗಳ ಶಾಲೆಗಳ ಫಲಿತಾಂಶವನ್ನು ಪರಿಶೀಲಿಸಿದ್ದರು. ಬಡತನ ಹೆಚ್ಚಿರುವ ಊರುಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಬಡತನದ ಹಿಡಿತ ಸಣ್ಣ ಶಾಲೆಗಳಲ್ಲಿ ಸಡಿಲವಾಗಿರುತ್ತದೆ, ಶಾಲೆ ದೊಡ್ಡದಾದಷ್ಟೂ ಬಿಗಿಯಾಗುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಅಂಶ. ಅನುಕೂಲವಂತರ ಊರಿನಲ್ಲಿ ದೊಡ್ಡ ಶಾಲೆಯಿಂದ ಅಂಥ ಹಾನಿಯಿಲ್ಲ. ಹಾಗಿದ್ದರೂ ಆ ರಾಜ್ಯದಲ್ಲಿ ವಿಲೀನದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಬಡ ಗ್ರಾಮೀಣ ಕೌಂಟಿಗಳ ಮೇಲೆ. ನಮ್ಮಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂದು ಉಳಿದಿರುವ ಮಕ್ಕಳು ಯಾರ ಮಕ್ಕಳು ಎಂಬುದು ಇಲಾಖೆಗೆ ನನಗಿಂತ ಚೆನ್ನಾಗಿ ಗೊತ್ತಿದೆ: ಕೂಲಿ ಮಾಡುವವರ, ಪರಿಶಿಷ್ಟ ಜಾತಿ ಮತ್ತು ಪಂಗಡದವರ, ತೋಟದ ಲೈನುಗಳಲ್ಲಿ ಬಿಡಾರ ಹೂಡಿದವರ ಮಕ್ಕಳು. ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುವ ಮಕ್ಕಳು ಈ ಚರ್ಚೆಯ ಹೊರಗೇ ಇದ್ದಾರೆ.

ಶಾಲೆ ಮುಚ್ಚುವ ಮೊದಲು ಕಾರಣಗಳನ್ನೂ ಅಂಕಿಅಂಶಗಳನ್ನೂ ಲಿಖಿತವಾಗಿ ಜನರ ಮುಂದಿಟ್ಟು ಸಾರ್ವಜನಿಕ ವಿಚಾರಣೆ ನಡೆಸಬೇಕೆಂದು ವೆಸ್ಟ್ ವರ್ಜೀನಿಯಾದ ಕಾನೂನಿನಲ್ಲೇ ಇದೆ. ಅಂಥ ಒಂದು ವಿಚಾರಣೆಗೆ ನಾನು ಹೋಗಿದ್ದೆ. ಮುಚ್ಚಲಿರುವ ಶಾಲೆಯ ಆಟದ ಅಂಗಳದಲ್ಲಿ, ಮಡಚುವ ಕುರ್ಚಿಗಳಲ್ಲಿ ಊರಿಗೆ ಊರೇ ಸೇರಿತ್ತು. ಒಬ್ಬೊಬ್ಬರಿಗೂ ಮೂರು ನಿಮಿಷ. ಮೊಮ್ಮಗಳನ್ನು ತಾನೇ ಸಾಕುತ್ತಿರುವ ಅಜ್ಜಿಯೊಬ್ಬರು, ಮಗುವಿಗೆ ಅಸ್ತಮಾ ಇದೆ, ಬಸ್ಸಿನಲ್ಲಿ ಉಸಿರು ಕಟ್ಟಿದರೆ ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ಮಂಡಳಿಯ ಯಾರೂ ಉತ್ತರ ಕೊಡಲಿಲ್ಲ. ಈ ಸಭೆ ಅಭಿಪ್ರಾಯ ಕೇಳಲಿಕ್ಕೆ, ಉತ್ತರ ಕೊಡಲಿಕ್ಕಲ್ಲ ಎಂದರು. ಅದೇ ರಾತ್ರಿ, ಜನ ಇನ್ನೂ ಕುರ್ಚಿ ಮಡಚುತ್ತಿರುವಾಗಲೇ, ಮೊದಲೇ ಬೆರಳಚ್ಚಾಗಿದ್ದ ನಿರ್ಣಯವನ್ನು ಓದಿ ಮತ ಹಾಕಿ ಎದ್ದರು. ಕಾನೂನು ಅಕ್ಷರಶಃ ಪಾಲನೆಯಾಯಿತು. ಆ ಅಜ್ಜಿಯ ಪ್ರಶ್ನೆ ಹಾಗೆಯೇ ಉಳಿಯಿತು. ವಿಚಾರಣೆ ನಡೆಸಿದರೆ ಸಾಲದು, ಕೇಳಿದ ಪ್ರತಿ ಪ್ರಶ್ನೆಗೂ ಲಿಖಿತ ಉತ್ತರ ಕೊಡಬೇಕೆಂಬ ನಿಯಮವೂ ಬೇಕು ಎಂದು ನನಗೆ ಮನವರಿಕೆಯಾದದ್ದು ಅಂದು.

ಸನ್ಮಾನ್ಯರೇ, ಈಗ ನಮ್ಮ ರಾಜ್ಯದ ಮಾತು. ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ನಾನು ವಿರೋಧಿಸುವುದಿಲ್ಲ. ಹೋಬಳಿಗೊಂದು ಒಳ್ಳೆಯ ಪ್ರೌಢಶಾಲೆ, ಅದಕ್ಕೆ ಹೊಂದಿಕೊಂಡ ಪಿಯು ಕಾಲೇಜು, ಪ್ರಯೋಗಾಲಯ, ಗ್ರಂಥಾಲಯ, ಎಲ್ಲ ವಿಷಯಗಳಿಗೂ ಕಾಯಂ ಶಿಕ್ಷಕರು ಇರಬೇಕೆಂಬುದು ಹಳ್ಳಿಯವರ ಎಷ್ಟೋ ವರ್ಷಗಳ ಬೇಡಿಕೆ. 2025-26ರ ಆಯವ್ಯಯದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಪ್ರಕಟಿಸಿದಾಗ ನನಗೂ ಸಂತೋಷವಾಗಿತ್ತು. ನನ್ನ ಆತಂಕವಿರುವುದು ಈ ದೊಡ್ಡ ಶಾಲೆಗಳ ಸುತ್ತಲಿನ ಸಣ್ಣ ಶಾಲೆಗಳ ಬಗ್ಗೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಹೇಳುತ್ತಿದೆ. ಅದನ್ನು ನಾನು ನಂಬಲು ಬಯಸುತ್ತೇನೆ. ಆದರೆ ಶಾಲೆ ಮುಚ್ಚಲು ಆದೇಶವೇ ಬೇಕೆಂದಿಲ್ಲ. ಶಿಕ್ಷಕರು ವರ್ಗವಾದ ಜಾಗಕ್ಕೆ ಮತ್ತೊಬ್ಬರನ್ನು ಹಾಕದಿದ್ದರೆ, ಅತಿಥಿ ಶಿಕ್ಷಕರೊಬ್ಬರ ಮೇಲೆ ಐದು ತರಗತಿಗಳನ್ನು ಹೊರಿಸಿದರೆ, ಪಕ್ಕದ ದೊಡ್ಡ ಶಾಲೆಗೆ ಸೇರಿಸಿ ಎಂದು ಪೋಷಕರಿಗೆ ಮೆಲ್ಲಗೆ ಹೇಳಿ ಟಿ.ಸಿ. ಬರೆದುಕೊಟ್ಟರೆ ಸಾಕು, ಎರಡು ವರ್ಷದಲ್ಲಿ ದಾಖಲಾತಿ ಶೂನ್ಯವಾಗಿ ಶಾಲೆ ತಾನಾಗಿಯೇ ಮುಚ್ಚುತ್ತದೆ. ಇಂಥದ್ದು ನಡೆದ ಊರುಗಳನ್ನು ಮಲೆನಾಡಿನವರಿಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮಕ್ಕಳು ಕಡಿಮೆ ಇರುವ ಶಾಲೆಯಲ್ಲಿ ಪಾಠ ಆಗುವುದಿಲ್ಲ, ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಕಲಿಕೆಯೇ ಅಲ್ಲ ಎಂಬ ಮಾತನ್ನು ಇಲಾಖೆಯವರ ಬಾಯಲ್ಲಿಯೇ ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅಂಥ ಕಲಿಕೆಗೆ ದಾರಿ ತೋರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸಣ್ಣ ಶಾಲೆಗಳಲ್ಲಿ ಶಿಕ್ಷಕರು ಸೇರಿ ರೂಪಿಸಿದ ನಲಿ-ಕಲಿ ಪದ್ಧತಿಯನ್ನು 2009-10ರಲ್ಲಿ ಇದೇ ಇಲಾಖೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಆ ಪದ್ಧತಿಯನ್ನು ನೋಡಲು ಬೇರೆ ರಾಜ್ಯಗಳವರು ಬಂದದ್ದುಂಟು. ಸಣ್ಣ ಶಾಲೆಯನ್ನು ಚೆನ್ನಾಗಿ ನಡೆಸುವ ವಿದ್ಯೆ ನಮ್ಮ ಶಿಕ್ಷಕರಿಗೆ ಗೊತ್ತಿದೆ. ಅದಕ್ಕೆ ಬೇಕಾದ ಜನವನ್ನೂ ತರಬೇತಿಯನ್ನೂ ಕೊಡದೆ, ಶಾಲೆ ಸಣ್ಣದಾದ್ದರಿಂದಲೇ ಸೋತಿತು ಎನ್ನುವುದು ನ್ಯಾಯವಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಮನವಿ: ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯನ್ನು ಮಗುವಿನ ಊರಿನಿಂದ ಕದಲಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರವು ಕೊಟ್ಟ ಮಾದರಿ ನಿಯಮಗಳು ಕೆಳ ತರಗತಿಗಳಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎನ್ನುತ್ತವೆ. ಈ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬಾರದು. ಆರು ವರ್ಷದ ಮಗು ಜುಲೈ ತಿಂಗಳಲ್ಲಿ, ಕಾಲುಸಂಕದ ಮೇಲೆ ಹಳ್ಳ ದಾಟಿ, ಗದ್ದೆಯ ಅಂಚಿನಲ್ಲಿ ನಡೆದುಹೋಗುವ ದಾರಿಯನ್ನೇ ಅಳೆಯಬೇಕು; ಕ್ಷೇತ್ರ ಶಿಕ್ಷಣಾಧಿಕಾರಿಗಳು ಆ ದಾರಿಯನ್ನು ಮಳೆಗಾಲದಲ್ಲಿ ತಾವೇ ಒಮ್ಮೆ ನಡೆದು ವರದಿ ಬರೆಯಬೇಕು. ಕಾಡಾನೆ ಓಡಾಡುವ ಸಕಲೇಶಪುರ, ಆಲೂರಿನ ಕಡೆಯ ಊರುಗಳಲ್ಲಿ ಅರ್ಧ ಕಿಲೋಮೀಟರ್ ಕೂಡ ದೂರವೇ.

ದೊಡ್ಡ ಶಾಲೆಯ ಲಾಭ ಸಣ್ಣ ಶಾಲೆಗೂ ಸಿಗಬೇಕೆಂದಿದ್ದರೆ ಮಕ್ಕಳ ಬದಲು ಶಿಕ್ಷಕರು ಓಡಾಡುವ ವ್ಯವಸ್ಥೆ ಮಾಡಿ. ಪಬ್ಲಿಕ್ ಶಾಲೆಯ ಇಂಗ್ಲಿಷ್, ಸಂಗೀತ, ದೈಹಿಕ ಶಿಕ್ಷಣ, ಕಂಪ್ಯೂಟರ್ ಶಿಕ್ಷಕರು ವಾರದ ನಿಗದಿತ ದಿನಗಳಲ್ಲಿ ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ ಮಾಡಲಿ, ಅದಕ್ಕೆ ಪ್ರಯಾಣ ಭತ್ಯೆ ಕೊಡಿ. ಒಬ್ಬ ಶಿಕ್ಷಕರು ಬೈಕಿನಲ್ಲಿ ಎಂಟು ಕಿಲೋಮೀಟರ್ ಹೋಗುವ ಖರ್ಚು, ಇಪ್ಪತ್ತು ಮಕ್ಕಳನ್ನು ದಿನವೂ ಎಂಟು ಕಿಲೋಮೀಟರ್ ಸಾಗಿಸುವ ಖರ್ಚಿಗಿಂತ ಹೆಚ್ಚಾಗಲಾರದು.

ಆರನೇ ತರಗತಿಯಿಂದ ಮೇಲೆ, ನಿಜಕ್ಕೂ ಸೇರಿಸಲೇಬೇಕಾದ ಕಡೆ, ವಾಹನ ಮೊದಲು ಬರಲಿ, ವಿಲೀನ ಆಮೇಲೆ ಆಗಲಿ. ವಾಹನವೆಂದರೆ ಮೊದಲ ವರ್ಷದ ಉದ್ಘಾಟನೆಯ ವಾಹನವಲ್ಲ. ಆ ಶಾಲೆ ನಡೆಯುವಷ್ಟು ವರ್ಷವೂ ಚಾಲಕರು, ಮಕ್ಕಳನ್ನು ಹತ್ತಿಸಿ ಇಳಿಸುವ ಸಹಾಯಕಿ, ಇಂಧನ ಮತ್ತು ದುರಸ್ತಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆಯಲ್ಲಿ ಹಣ ಇಡಬೇಕು. ಆಟ ಮತ್ತು ವಿಶೇಷ ತರಗತಿ ಮುಗಿದ ಮೇಲೆ ಹೊರಡುವ ಒಂದು ಸುತ್ತು ಅದರಲ್ಲಿ ಕಡ್ಡಾಯವಾಗಿರಬೇಕು. ಸಾರಿಗೆ ಸಂಸ್ಥೆಯ ಪಾಸು ಕೊಟ್ಟರೆ ಸಾಕೆನ್ನುವವರು, ದಿನಕ್ಕೆ ಒಂದೇ ಬಸ್ಸು ಬರುವ ಊರಿನಲ್ಲಿ ಒಂದು ವಾರ ಇದ್ದು ನೋಡಬೇಕು. ದಾರಿ ದೂರವಾದಾಗ ಮನೆಯವರು ಮೊದಲು ಬಿಡಿಸುವುದು ಹೆಣ್ಣುಮಕ್ಕಳನ್ನು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಸರ್ಕಾರಕ್ಕೆ ಇದರ ಅರಿವಿತ್ತು.

ಮುಂದಿನದು ಪಾರದರ್ಶಕತೆಯ ಮಾತು. ಯಾವ ಶಾಲೆಯನ್ನು ಯಾವುದರೊಂದಿಗೆ ಸೇರಿಸುವ ಆಲೋಚನೆಯಿದೆ, ಅದರಿಂದ ಎಷ್ಟು ಹಣ ಉಳಿಯುತ್ತದೆ, ಸಾಗಾಟಕ್ಕೆ ಎಷ್ಟು ಖರ್ಚಾಗುತ್ತದೆ, ಯಾವ ಮನೆಯ ಮಗು ಎಷ್ಟು ಹೊತ್ತು ದಾರಿಯಲ್ಲಿ ಕಳೆಯಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ಕನಿಷ್ಠ ಒಂದು ತಿಂಗಳು ಮೊದಲು ಪಂಚಾಯಿತಿ ಕಚೇರಿ ಮತ್ತು ಶಾಲೆಯ ಸೂಚನಾ ಫಲಕದಲ್ಲಿ ಹಾಕಬೇಕು. ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕು, ಕೇಳಿದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ನಡಾವಳಿಯಲ್ಲಿ ದಾಖಲಿಸಬೇಕು. 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮಲ್ಲಿವೆ. ಬಣ್ಣ ಬಳಿಸಲು, ಕಾಂಪೌಂಡ್ ಕಟ್ಟಿಸಲು, ದಾನಿಗಳನ್ನು ಹುಡುಕಲು ಆ ಸಮಿತಿಯವರ ಮನೆಗೆ ಹೋಗುವ ಇಲಾಖೆ, ಶಾಲೆಯೇ ಇರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಅವರನ್ನು ಹೊರಗಿಡಬಾರದು. ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಶಾಲೆಯನ್ನೂ ಸೇರಿಸುವುದಿಲ್ಲವೆಂದು ಸುತ್ತೋಲೆ ಹೊರಡಿಸಿ. ಶಿಕ್ಷಕರನ್ನು ಕಿತ್ತುಕೊಂಡು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಆದ್ದರಿಂದ ಖಾಲಿ ಹುದ್ದೆಯಿರುವ ಶಾಲೆಯ ವಿಷಯದಲ್ಲಿ, ಹುದ್ದೆ ತುಂಬಿ ಎರಡು ಶೈಕ್ಷಣಿಕ ವರ್ಷ ಕಳೆಯುವವರೆಗೆ ವಿಲೀನದ ಪ್ರಸ್ತಾಪವನ್ನೇ ತರಬಾರದು.

ಈಗಾಗಲೇ ಸೇರಿಸಿರುವ ಕಡೆಗಳಲ್ಲಿ, ಸ್ಥಳಾಂತರಗೊಂಡ ಪ್ರತಿ ಮಗುವಿನ ಹಾಜರಾತಿ ಮತ್ತು ಮುಂದಿನ ಓದನ್ನು ಹತ್ತನೇ ತರಗತಿಯವರೆಗೆ ಗಮನಿಸಿ, ತಾಲ್ಲೂಕುವಾರು ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಪ್ರತಿ ವಿದ್ಯಾರ್ಥಿಗೂ ಇಲಾಖೆ ಗುರುತಿನ ಸಂಖ್ಯೆ ಕೊಟ್ಟಿರುವಾಗ ಇದು ಕಷ್ಟದ ಕೆಲಸವಲ್ಲ. ಖಾಲಿಯಾದ ಕಟ್ಟಡಗಳನ್ನು ಬೀಗ ಹಾಕಿ ಪಾಳು ಬಿಡದೆ ಪಂಚಾಯಿತಿಗೆ ವಹಿಸಿ. ಲಿಂಕನ್ ಕೌಂಟಿಯಲ್ಲಿಯೇ ಬಿಗ್ ಅಗ್ಲಿ ಎಂಬ ತೊರೆಯ ಬದಿಯ ಹಳೆಯ ಪ್ರಾಥಮಿಕ ಶಾಲೆಯನ್ನು ಊರಿನವರು ಸಮುದಾಯ ಕೇಂದ್ರ ಮಾಡಿಕೊಂಡು, ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಸೇರುವಂತೆ ನಡೆಸಿಕೊಂಡು ಬಂದರು. ಶಾಲೆ ಹೋದ ಮೇಲೂ ಊರಿಗೆ ಆ ಸೂರು ಬೇಕಿತ್ತು.

ಆ ರಾಜ್ಯದ ಪೋಷಕರು ನ್ಯಾಯಾಲಯದಲ್ಲಿ ಗೆದ್ದೂ ಶಾಲೆ ಕಳೆದುಕೊಂಡದ್ದಕ್ಕೆ ಒಂದು ಕಾರಣ, ಒಳ್ಳೆಯ ಶಾಲೆ ಬೇಕೆಂಬ ಅವರ ಬೇಡಿಕೆಗೆ ಸರ್ಕಾರ ದೊಡ್ಡ ಶಾಲೆ ಎಂಬ ಒಂದೇ ಅರ್ಥ ಕೊಟ್ಟದ್ದು. ನಮ್ಮಲ್ಲಿ ತೀರ್ಮಾನಗಳು ಇನ್ನೂ ಪೂರ್ತಿ ಜಾರಿಯಾಗಿಲ್ಲ, ತಿದ್ದಿಕೊಳ್ಳಲು ಸಮಯವಿದೆ. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಆರಂಭವಾಗುವ ಮೊದಲು, ಮೇಲಿನ ಅಂಶಗಳ ಬಗ್ಗೆ ಇಲಾಖೆಯ ನಿಲುವನ್ನು ಲಿಖಿತವಾಗಿ ಪ್ರಕಟಿಸಬೇಕೆಂದೂ, ಪ್ರಸ್ತಾಪಿತ ವಿಲೀನಗಳ ತಾಲ್ಲೂಕುವಾರು ಪಟ್ಟಿಯನ್ನು ಸಾರ್ವಜನಿಕರ ಮುಂದಿಡಬೇಕೆಂದೂ, ಅಲ್ಲಿಯವರೆಗೆ ಒಂದರಿಂದ ಐದನೇ ತರಗತಿಯ ಯಾವ ಶಾಲೆಯಿಂದಲೂ ಮಕ್ಕಳನ್ನಾಗಲಿ ಶಿಕ್ಷಕರನ್ನಾಗಲಿ ಸ್ಥಳಾಂತರಿಸಬಾರದೆಂದೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಹಳೆಯ ವಿದ್ಯಾರ್ಥಿ,
ಶಿವಮೊಗ್ಗ ಜಿಲ್ಲೆ